ಜೊತೆಗೆ ಕೂತು ಮೆಟಲ್ ಕೇಳುವ ನಮ್ಮ ಬಳಗ

ನಮ್ಮ ಗುಂಪಿನಲ್ಲಿ ಒಂದು ಕಟ್ಟುನಿಟ್ಟು ಇದೆ. ಆಲ್ಬಮ್ ಶುರುವಾದ ಮೇಲೆ ಕೊನೆಯ ಹಾಡು ಮುಗಿಯುವ ತನಕ ಯಾರೂ ಮಾತಾಡುವ ಹಾಗಿಲ್ಲ. ಫೋನ್‌ಗಳನ್ನು ಬೋರಲು ಹಾಕಿ ಪಕ್ಕಕ್ಕೆ ಇಡುತ್ತೇವೆ. ಹೊಗಳುವುದು, ತೆಗಳುವುದು, ಕಿತ್ತಾಡುವುದು ಎಲ್ಲಾ ಆಮೇಲೆ. ಹೆವಿ ಮೆಟಲ್ ಅನ್ನುವ ಅಬ್ಬರದ ರಾಕ್ ಸಂಗೀತ ಕೇಳುವ ಗೆಳೆಯರ ಬಳಗ ಇಷ್ಟು ವರ್ಷ ಚೆದುರದೆ ಹೇಗೆ ಉಳಿಯಿತು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ನಾವು ಜೊತೆಗೆ ಕೂತು ಕೇಳುತ್ತೇವೆ. ಲಿಂಕ್ ಕಳಿಸಿ "ಕೇಳಿದ್ಯಾ?" ಅಂತ ವಿಚಾರಿಸುವುದು ಬೇರೆ. ಒಂದೇ ಕೋಣೆಯಲ್ಲಿ ಕೂತಾಗ ಗಿಟಾರಿನ ಒಂದು ರಿಫ್ (ಮತ್ತೆ ಮತ್ತೆ ಬರುವ ಸಣ್ಣ ನುಡಿ) ಬಂದು ಎಲ್ಲರ ತಲೆಯೂ ತಾನಾಗೇ ಆಡತೊಡಗುವುದು ಬೇರೆ.

ಆಲ್ಬಮ್ ಆರಿಸುವುದು ಸರದಿ ಪ್ರಕಾರ. ಆರಿಸಿದವರು ಮೊದಲೇ ಏನನ್ನೂ ವಿವರಿಸಬಾರದು. "ಇದು ಅವರ ಶ್ರೇಷ್ಠ ಆಲ್ಬಮ್" ಅಂತ ಮೊದಲೇ ಹೇಳಿಬಿಟ್ಟರೆ ಉಳಿದವರು ಸಂಗೀತ ಕೇಳುವ ಬದಲು ಆ ಮಾತನ್ನೇ ಒರೆಗೆ ಹಚ್ಚುತ್ತಾರೆ. ಹಾಡಿನ ಸಾಹಿತ್ಯ ಇರುವ ಹಾಳೆ ಮಾತ್ರ ಕೈಯಿಂದ ಕೈಗೆ ಹೋಗುತ್ತಿರುತ್ತದೆ. ಡೆತ್ ಮೆಟಲ್‌ನ ಗ್ರೌಲ್, ಅಂದರೆ ಗಂಟಲಾಳದಿಂದ ಗುರುಗುಟ್ಟುವ ಹಾಡುಗಾರಿಕೆ, ಮೊದಲ ಸಲ ಕೇಳುವವರಿಗೆ ಆ ಹಾಳೆ ಬಹಳ ದೊಡ್ಡ ಸಹಾಯ. ಗದ್ದಲ ಅಂತ ಅನಿಸಿದ್ದರಲ್ಲಿ ಪದಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ.

ಒಂದು ಸುತ್ತು ಪೂರ್ತಿ ಕೇಳಿದ ಮೇಲೆ ಬೇಕಾದ ಜಾಗಗಳನ್ನು ಮತ್ತೆ ಹಾಕುತ್ತೇವೆ. ಆಗ ಎಷ್ಟು ಬೇಕಾದರೂ ಮಾತಾಡಬಹುದು. ನಮ್ಮಲ್ಲಿ ಡ್ರಮ್ಸ್ ಬಾರಿಸುವ ಒಬ್ಬಳು ಇದ್ದಾಳೆ. "ಕೈ ಬಿಡು, ಈಗ ಕಾಲು ಕೇಳು" ಅಂತ ಅವಳು ಹೇಳಿದ ಮೇಲೆಯೇ ಕಾಲಲ್ಲಿ ಬಾರಿಸುವ ಡಬಲ್ ಬೇಸ್ ಡ್ರಮ್ ಎಲ್ಲಿ ಗಿಟಾರ್ ಜೊತೆ ಹೆಜ್ಜೆ ಹಾಕುತ್ತದೆ, ಎಲ್ಲಿ ಬೇಕಂತಲೇ ದಾರಿ ಬಿಡುತ್ತದೆ ಅನ್ನುವುದು ನನ್ನ ಕಿವಿಗೆ ಬಿದ್ದದ್ದು. ಒಬ್ಬನೇ ಹೆಡ್‌ಫೋನ್ ಹಾಕಿಕೊಂಡು ಅದೇ ಆಲ್ಬಮ್ ಅನ್ನು ಎಷ್ಟೋ ವರ್ಷ ಕೇಳಿದ್ದೆ. ಅವಳ ಕಿವಿ ಸಿಕ್ಕಿದ ಮೇಲೆ ಅದು ಹೊಸದಾಗಿ ಕೇಳಿಸಿತು.

ಉದ್ದದ ಬಗ್ಗೆ ಒಂದು ಮಾತು. ಸ್ಲೇಯರ್‌ನ 1986ರ ಆಲ್ಬಮ್ 'ರೇನ್ ಇನ್ ಬ್ಲಡ್' ಅರ್ಧ ಗಂಟೆಯೂ ಇಲ್ಲ. ಹಾಗಾಗಿ ಹೊಸಬರು ಬಂದ ದಿನ ಅದು ಸರಿಹೋಗುತ್ತದೆ, ಉಸಿರು ಬಿಡುವಷ್ಟರಲ್ಲಿ ಮುಗಿದು "ಇನ್ನೊಂದು ಸಲ ಹಾಕಿ" ಅನ್ನಿಸುತ್ತದೆ. ಸ್ಲೀಪ್ ಬ್ಯಾಂಡಿನ 'ಡೋಪ್‌ಸ್ಮೋಕರ್' ಇದಕ್ಕೆ ತದ್ವಿರುದ್ಧ. ಒಂದು ಗಂಟೆ ದಾಟುವ ಒಂದೇ ಹಾಡು. ಅದನ್ನು ಒಬ್ಬರೇ ಕೇಳುವಾಗ ಮಧ್ಯದಲ್ಲಿ ಎದ್ದುಹೋಗುವುದು ಸುಲಭ. ಜೊತೆಗೆ ಕೂತರೆ ಇಪ್ಪತ್ತನೇ ನಿಮಿಷದ ಹೊತ್ತಿಗೆ ಎಲ್ಲರ ಉಸಿರೂ ಆ ನಿಧಾನಕ್ಕೆ ಒಗ್ಗಿರುತ್ತದೆ. ಇಂಥ ನಿಧಾನದ, ಭಾರದ ಡೂಮ್ ಮೆಟಲ್ ನನಗೆ ಹಿಡಿಸಿದ್ದು ಹೀಗೆ ಕೂತಾಗಲೇ.

ಹೊಸದಾಗಿ ಬಂದವರಿಗೆ ನಾನು ತಪ್ಪದೆ ಹೇಳುವ ಕತೆ ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಟೋನಿ ಅಯೋಮಿಯದು. ಬರ್ಮಿಂಗ್‌ಹ್ಯಾಮ್‌ನ ಹುಡುಗ, ಎಡಗೈ ಗಿಟಾರಿಸ್ಟ್. ಹದಿನೇಳನೇ ವಯಸ್ಸಿನಲ್ಲಿ ಶೀಟ್ ಮೆಟಲ್ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳಿನ ತುದಿ ಹೋದವು. ತಂತಿ ಒತ್ತಬೇಕಿದ್ದ ಕೈ ಅದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳ ತುದಿಗೆ ಟೋಪಿ ಮಾಡಿ, ಮೇಲೆ ಚರ್ಮ ಅಂಟಿಸಿಕೊಂಡ. ತೆಳು ತಂತಿ ಹಾಕಿದ. ಮುಂದೆ ತಂತಿಯ ಬಿಗಿ ಸಡಿಲಿಸಿ ಶ್ರುತಿಯನ್ನೇ ಇಳಿಸಿದ. 1970ರ ಫೆಬ್ರವರಿ 13ರಂದು ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಮ್ ಹೊರಬಂತು. 1971ರ ಮೂರನೇ ಆಲ್ಬಮ್‌ನಲ್ಲಿ ಆ ಇಳಿಸಿದ ಶ್ರುತಿ ಚೆನ್ನಾಗಿ ಕೇಳಿಸುತ್ತದೆ. ನಾವು ಇವತ್ತು "ಹೆವಿ" ಅಂತ ಕರೆಯುವ ನಾದದಲ್ಲಿ ಒಬ್ಬ ಕಾರ್ಖಾನೆ ಕೆಲಸಗಾರನ ಗಾಯದ ಪಾಲೂ ಇದೆ. ಒಂದು ಸುತ್ತು ಕೇಳಿದ ಮೇಲೆ ಈ ಕತೆ ಹೇಳಿ ಆ ಆಲ್ಬಮ್ ಮತ್ತೆ ಹಾಕಿದರೆ ಹೊಸಬರು ಕೇಳುವ ರೀತಿಯೇ ಬದಲಾಗುತ್ತದೆ.

ಹೊಸಬರನ್ನು ಪರೀಕ್ಷೆ ಮಾಡುವುದನ್ನು ನಾವು ಕಡ್ಡಾಯವಾಗಿ ನಿಲ್ಲಿಸಿದ್ದೇವೆ. ಬ್ಯಾಂಡಿನ ಟೀ ಶರ್ಟ್ ಹಾಕಿದವರನ್ನು ತಡೆದು "ಹಾಗಾದ್ರೆ ಅವರ ಮೂರು ಹಾಡು ಹೇಳು ನೋಡೋಣ" ಅನ್ನುವ ಚಾಳಿ ಮೆಟಲ್ ಲೋಕದಲ್ಲಿ ಹಳೆಯದು. ಈ ಪ್ರಶ್ನೆ ಜಾಸ್ತಿ ಬೀಳುವುದು ಹುಡುಗಿಯರ ಮೇಲೆ, ಇದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಅಂಥ ಪ್ರಶ್ನೆ ನಮ್ಮ ಎದುರು ಬಂದರೆ ನಾವು ನಡುವೆ ಬಾಯಿ ಹಾಕುತ್ತೇವೆ. ಶರ್ಟ್ ಚೆನ್ನಾಗಿದೆ ಅಂತ ತೊಟ್ಟು ಬಂದವರಿಗೆ ಬ್ಯಾಂಡ್ ಗೊತ್ತಿಲ್ಲದಿದ್ದರೆ ಏನಾಯಿತು? ಕೂರಿಸಿ ಕೇಳಿಸಿದರೆ ಆಯಿತು.

ಜಗಳ ಬೇಡ ಅಂತ ನಾನು ಹೇಳುತ್ತಿಲ್ಲ. ಜಗಳವಿಲ್ಲದ ಮೆಟಲ್ ಬಳಗವನ್ನು ನಾನಂತೂ ಕಂಡಿಲ್ಲ. ಮೆಟಲ್‌ನಲ್ಲೇ ಕವಲು ಹಲವು. ವೇಗದ, ಒರಟು ಥ್ರ್ಯಾಶ್ ಹುಚ್ಚಿನವರಿಗೆ ರಾಗ ತುಂಬಿದ ಪವರ್ ಮೆಟಲ್ ಸಿಹಿ ಜಾಸ್ತಿ. ಬ್ಲ್ಯಾಕ್ ಮೆಟಲ್ ಕೇಳುವವರಿಗೆ ಶುಭ್ರವಾದ ರೆಕಾರ್ಡಿಂಗ್ ಕಂಡರೇ ಆಗುವುದಿಲ್ಲ. ಹಳೆಯ ಡೆತ್ ಮೆಟಲ್ ಅಭಿಮಾನಿಗಳಿಗೆ ಹೊಸದೆಲ್ಲಾ ಬರೀ ಬೆರಳಾಟ. "ಇದು ಮೆಟಲ್ಲೇ ಅಲ್ಲ" ಅನ್ನುವ ಮಾತು ನಮ್ಮ ಕೋಣೆಯಲ್ಲೂ ಬರುತ್ತದೆ. ಆದರೆ ಹಾಗೆ ಹೇಳಿದವರು ಹಾಡಿನ ಯಾವ ಜಾಗದಲ್ಲಿ ಹಾಗನ್ನಿಸಿತು ಅಂತ ತೋರಿಸಬೇಕು. ಆ ಜಾಗ ಮತ್ತೆ ಹಾಕುತ್ತೇವೆ, ಮತ್ತೆ ಕೇಳುತ್ತೇವೆ. ಯಾವ ವರ್ಷ ಯಾರು ಬೇಸ್ ನುಡಿಸಿದರು ಅನ್ನುವಂಥ ತಕರಾರು ಬಂದರೆ ಎನ್‌ಸೈಕ್ಲೊಪೀಡಿಯಾ ಮೆಟಲ್ಲಮ್ ಅನ್ನುವ ವೆಬ್‌ಸೈಟ್ ತೆರೆಯುತ್ತೇವೆ. 2002ರಿಂದ ಅಭಿಮಾನಿಗಳೇ ತುಂಬಿಸುತ್ತಾ ಬಂದ ಕಣಜ ಅದು. ಅಲ್ಲಿಗೆ ತಕರಾರು ಮುಗಿಯಿತು.

ಆಲ್ಬಮ್‌ಗಳನ್ನು ಸಾಲ ಕೊಡುವುದು ನಮ್ಮ ಇನ್ನೊಂದು ರೂಢಿ. ಎಂಬತ್ತರ ದಶಕದ ಮೊದಲಲ್ಲಿ ಅಭಿಮಾನಿಗಳು ಕ್ಯಾಸೆಟ್‌ಗಳನ್ನು ನಕಲು ಮಾಡಿ ಅಂಚೆಯಲ್ಲಿ ಒಬ್ಬರಿಗೊಬ್ಬರು ಕಳಿಸುತ್ತಿದ್ದರು. ಟೇಪ್ ಟ್ರೇಡಿಂಗ್ ಅಂತ ಅದಕ್ಕೆ ಹೆಸರು. ಮೆಟಾಲಿಕಾದ 1982ರ ಡೆಮೊ (ಮಾದರಿ ಧ್ವನಿಮುದ್ರಣ) ಹೀಗೆ ಕೈಯಿಂದ ಕೈಗೆ ಹೋಗಿಯೇ ಬ್ಯಾಂಡಿನ ಮೊದಲ ಆಲ್ಬಮ್ ಬರುವ ಮುಂಚೆ ಹೆಸರು ಮಾಡಿತು. ಮುಖ ನೋಡದ ಗೆಳೆಯನಿಗೆ ಕ್ಯಾಸೆಟ್ ತುಂಬಿಸಿ ಕಳಿಸುವ ಆ ನಂಬಿಕೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಈಗ ಎಲ್ಲವೂ ಫೋನಿನಲ್ಲೇ ಸಿಗುತ್ತದೆ, ಹಾಗಿದ್ದರೂ ನಾವು ಸಿಡಿ, ಎಲ್‌ಪಿ ಕೊಟ್ಟು ತೆಗೆದುಕೊಳ್ಳುವುದನ್ನು ಬಿಟ್ಟಿಲ್ಲ. ಒಂದು ನೋಟ್‌ಬುಕ್‌ನಲ್ಲಿ ಯಾರಿಗೆ ಏನು ಹೋಗಿದೆ ಅಂತ ಬರೆದಿಡುತ್ತೇವೆ. ಕೊಡುವಾಗ ಒಳಗೆ ಒಂದು ಚೀಟಿ ಇಡುವುದು ನನ್ನ ಅಭ್ಯಾಸ. "ರಾತ್ರಿ ಕೇಳು. ಮೂರನೇ ಹಾಡಿನ ನಡುವೆ ಗಿಟಾರ್ ನಿಂತು ಬೇಸ್ ಒಂದೇ ಉಳಿಯುತ್ತದೆ, ಅಲ್ಲಿ ಸದ್ದು ಜಾಸ್ತಿ ಮಾಡು" ಅಂತ. ವಾಪಸ್ ಬರುವಾಗ ಅದೇ ಚೀಟಿಯ ಹಿಂಬದಿಯಲ್ಲಿ ಉತ್ತರ ಇರುತ್ತದೆ.

ಬಟ್ಟೆ ವಿಷಯ ಹೆಚ್ಚು ಹೇಳುವುದಿಲ್ಲ. ಡೆನಿಮ್ ವೆಸ್ಟ್‌ಗೆ ಪ್ಯಾಚ್ (ಬ್ಯಾಂಡಿನ ಹೆಸರಿರುವ ಬಟ್ಟೆ ತುಂಡು) ಹಚ್ಚುವುದಾದರೆ ಕೈಯಲ್ಲೇ ಹೊಲಿಯಿರಿ. ಅಂಟು ಬಿಟ್ಟುಹೋಗುತ್ತದೆ. ಹಲ್ಲಿನ ಸಂದಿಗೆ ಬಳಸುವ ಫ್ಲಾಸ್ ದಾರ ಮಾಮೂಲಿ ನೂಲಿಗಿಂತ ಗಟ್ಟಿ, ನಾವೆಲ್ಲಾ ಅದರಲ್ಲೇ ಹೊಲಿಯುವುದು.

ಲೈವ್ ಶೋಗೆ ಹೋಗುವಾಗ ಮಾತ್ರ ನಾನು ಬಹಳ ಕಟ್ಟುನಿಟ್ಟು. ಮೊದಲನೆಯದು ಕಿವಿ. ಎಂಬತ್ತೈದು ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು ಅನ್ನುವುದು ಅಮೆರಿಕದ ಕೆಲಸದ ಜಾಗದ ಆರೋಗ್ಯ ಸಂಸ್ಥೆ ನಿಯೋಶ್ ಹಾಕಿಕೊಟ್ಟ ಮಿತಿ. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದ ಹಾಗೆ ಆ ಹೊತ್ತು ಅರ್ಧ ಆಗುತ್ತಾ ಹೋಗುತ್ತದೆ. ನೂರು ಡೆಸಿಬಲ್ ಮುಟ್ಟಿದರೆ ಉಳಿಯುವುದು 15 ನಿಮಿಷ. ಮೆಟಲ್ ಶೋಗಳಲ್ಲಿ ನೂರು ದಾಟುವುದು ಮಾಮೂಲಿ. ಹಾಗಾಗಿ ನನ್ನ ಚೀಲದಲ್ಲಿ ಇಯರ್‌ಪ್ಲಗ್‌ಗಳ ಡಬ್ಬಿ ಯಾವಾಗಲೂ ಇರುತ್ತದೆ. ನಮ್ಮವರಿಗೆ ಕೊಡುತ್ತೇನೆ, ಪಕ್ಕದಲ್ಲಿ ಕಿವಿ ಮುಚ್ಚಿಕೊಂಡು ನಿಂತ ಅಪರಿಚಿತರಿಗೂ ಕೊಡುತ್ತೇನೆ. ಹಾಗೆ ಪರಿಚಯವಾದವರಲ್ಲಿ ಕೆಲವರು ಈಗ ನಮ್ಮ ಬಳಗದಲ್ಲೇ ಇದ್ದಾರೆ.

ಎರಡನೆಯದು ಕುತ್ತಿಗೆ. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 2008ರಲ್ಲಿ ಹೆಡ್‌ಬ್ಯಾಂಗಿಂಗ್, ಅಂದರೆ ಹಾಡಿನ ಬಡಿತಕ್ಕೆ ಜೋರಾಗಿ ತಲೆ ಆಡಿಸುವುದರ ಬಗ್ಗೆಯೇ ಒಂದು ಅಧ್ಯಯನ ಬಂದಿತ್ತು. ತಲೆ ಆಡಿಸುವ ಹಾಡಿನ ಸರಾಸರಿ ವೇಗ ನಿಮಿಷಕ್ಕೆ ಸುಮಾರು 146 ಬಡಿತ, ಆ ವೇಗದಲ್ಲಿ ತಲೆ 75 ಡಿಗ್ರಿಗಿಂತ ಹೆಚ್ಚು ಬಾಗಿ ಏಳುತ್ತಿದ್ದರೆ ತಲೆಗೆ ಸಣ್ಣ ಪೆಟ್ಟಾಗುವ ಸಂಭವ ಇದೆ ಅಂತ ಅವರ ಲೆಕ್ಕ. ನಾವು ಶೋಗೆ ಮುಂಚೆ ಭುಜ, ಕುತ್ತಿಗೆ ಸಡಿಲ ಮಾಡಿಕೊಳ್ಳುತ್ತೇವೆ. ವೇಗದ ಹಾಡುಗಳಿಗೆ ಎರಡು ಬಡಿತಕ್ಕೆ ಒಂದು ಸಲ ತಲೆ ಹಾಕಿದರೆ ಸಾಕು, ಖುಷಿಯೇನೂ ಕಮ್ಮಿಯಾಗುವುದಿಲ್ಲ.

ಇನ್ನು ಪಿಟ್, ಅಂದರೆ ವೇದಿಕೆ ಮುಂದೆ ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾ ಕುಣಿಯುವ ಜಾಗ. ಹೊರಗಿನಿಂದ ನೋಡಿದವರಿಗೆ ಮಾಶ್ ಪಿಟ್ ಅಂದರೆ ಹೊಡೆದಾಟ. ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಶೋಗಳ ವಿಡಿಯೋ ಇಟ್ಟುಕೊಂಡು ಪಿಟ್‌ನ ಚಲನೆಯನ್ನು ಅಳೆದು 2013ರಲ್ಲಿ ಪ್ರಕಟಿಸಿದರು. ಮಾಶ್ ಪಿಟ್‌ನಲ್ಲಿ ಜನ ಅನಿಲದ ಕಣಗಳ ಹಾಗೆ ದಿಕ್ಕುದೆಸೆಯಿಲ್ಲದೆ ಡಿಕ್ಕಿ ಹೊಡೆಯುತ್ತಾರೆ, ಸರ್ಕಲ್ ಪಿಟ್‌ನಲ್ಲಿ ಸುಳಿಯ ಹಾಗೆ ಸುತ್ತುತ್ತಾರೆ ಅಂತ ಕಂಡುಕೊಂಡರು. ಒಳಗೆ ಇದ್ದವರಿಗೆ ಅದು ಸರಿ ಅನ್ನಿಸುತ್ತದೆ. ನಮ್ಮನ್ನು ಯಾರೂ ನಡೆಸುತ್ತಿರುವುದಿಲ್ಲ. ಆದರೆ ಒಬ್ಬರು ಬಿದ್ದ ಕ್ಷಣ ಆ ಗೊಂದಲದ ನಡುವೆ ನಾಲ್ಕು ಕೈ ಕೆಳಗೆ ಹೋಗುತ್ತವೆ. ಇಬ್ಬರು ಬೆನ್ನು ಕೊಟ್ಟು ಅಡ್ಡ ನಿಲ್ಲುತ್ತಾರೆ. ಎಬ್ಬಿಸಿ, ಮುಖ ನೋಡಿ, "ಸರಿ ಇದ್ದೀಯಾ?" ಅಂತ ಕೇಳಿ, ಹೆಬ್ಬೆರಳು ಮೇಲೆತ್ತಿದರೆ ಮತ್ತೆ ಶುರು. ಇದನ್ನು ಯಾರೂ ಬೋರ್ಡ್ ಬರೆದು ಹಾಕಿಲ್ಲ. ಒಬ್ಬರನ್ನು ನೋಡಿ ಒಬ್ಬರು ಕಲಿತದ್ದು. ನನ್ನನ್ನು ಎತ್ತಿದವರ ಮುಖ ನೆನಪಿಲ್ಲ, ಅವರ ಹಿಡಿತದ ಗಟ್ಟಿ ನೆನಪಿದೆ.

ನಮ್ಮ ಗುಂಪಿನ ಏರ್ಪಾಡು ಇಷ್ಟು. ಒಳಗೆ ಹೋಗುವ ಮುಂಚೆ ಕನ್ನಡಕ, ಸರ, ಕೀ ಗೊಂಚಲು ತೆಗೆದು ಅಂಚಿನಲ್ಲಿ ನಿಂತವರ ಕೈಗೆ. ಅಂಚಿನಲ್ಲಿ ನಿಲ್ಲುವುದೂ ಸರದಿ ಮೇಲೆ. ಅಲ್ಲಿ ನಿಂತವರು ಚೀಲ, ನೀರು ನೋಡಿಕೊಳ್ಳುತ್ತಾರೆ, ಒಳಗಿನವರ ಮೇಲೆ ಕಣ್ಣಿಡುತ್ತಾರೆ. ಮೊಣಕೈ ಎತ್ತುವ ಹಾಗಿಲ್ಲ. ಪಿಟ್ ಬೇಡ ಅನ್ನುವವರನ್ನು ಒಳಗೆ ಎಳೆಯುವ ಹಾಗಿಲ್ಲ. ಶೂ ಸಿಕ್ಕಿದರೆ ತಲೆಮೇಲೆ ಎತ್ತಿ ಹಿಡಿಯಿರಿ, ಒಂಟಿ ಕಾಲಲ್ಲಿ ಯಾರೋ ಕುಂಟುತ್ತಾ ಬಂದೇ ಬರುತ್ತಾರೆ. ಹುಡುಗಿಯರ ಮೈಮೇಲೆ ಕೈ ಹಾಕುವ ಚಪಲಕ್ಕೆ ಬಂದವರನ್ನು ಕಂಡರೆ ಕಾಯುವುದಿಲ್ಲ, ಸೆಕ್ಯುರಿಟಿಯವರಿಗೆ ಕೈ ಮಾಡಿ ತೋರಿಸುತ್ತೇವೆ, ಕೈ ಹಾಕಿದವರು ಹೊರಗೆ ಹೋಗುವ ತನಕ ಆ ಹುಡುಗಿಯ ಸುತ್ತ ನಿಲ್ಲುತ್ತೇವೆ.

ಇಷ್ಟೆಲ್ಲಾ ಶೋಗಳ ಮಾತು. ಗೆಳೆತನ ನಿಜವಾಗಿ ಗೊತ್ತಾಗುವುದು ಶೋ ಇಲ್ಲದ ದಿನಗಳಲ್ಲಿ. ನಮ್ಮಲ್ಲಿ ಒಬ್ಬನ ಅಪ್ಪ ತೀರಿಕೊಂಡಾಗ ಸ್ವಲ್ಪ ದಿನ ಬಿಟ್ಟು ಅವನೇ ಫೋನ್ ಮಾಡಿದ. "ಬನ್ರೋ, ಏನಾದ್ರೂ ನಿಧಾನದ್ದು ಹಾಕೋಣ" ಅಂದ. ಹೋದೆವು. ಸಮಾಧಾನದ ಮಾತು ಯಾರಿಗೂ ಬರಲಿಲ್ಲ, ಅವನು ಕೇಳಿದ್ದೂ ಮಾತಲ್ಲ. ಡೂಮ್ ಹಾಕಿದೆವು. ಸಾವು, ಶೋಕ, ಖಾಲಿತನ ಅನ್ನುವ ಪದಗಳನ್ನು ಈ ಸಂಗೀತ ನೇರವಾಗಿ ಹೇಳುತ್ತದೆ, ಬಣ್ಣ ಹಚ್ಚುವುದಿಲ್ಲ. ಕೇಳಿದರೆ ಮನಸ್ಸು ಕೆಡುತ್ತದೆ ಅಂತ ಹೇಳುವವರಿಗೆ ಆ ಸಂಜೆ ಅವನ ಮುಖ ತೋರಿಸಬೇಕಿತ್ತು. ಅವನು ಅತ್ತ, ಊಟ ಮಾಡಿದ, ಮಲಗಿದ. ಅಷ್ಟು ದಿನದಲ್ಲಿ ಮೊದಲ ಸಲ ಸರಿಯಾಗಿ ನಿದ್ದೆ ಬಂತು ಅಂತ ಮಾರನೇ ದಿನ ಹೇಳಿದ.

ಆಜ಼ಿ ಆಸ್ಬರ್ನ್, ಬ್ಲ್ಯಾಕ್ ಸಬ್ಬತ್‌ನ ಗಾಯಕ, ತೀರಿಕೊಂಡಾಗಲೂ ಹೀಗೇ ಸೇರಿದ್ದೆವು. 2025ರ ಜುಲೈ 5ರಂದು ಹುಟ್ಟೂರು ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್‌ನಲ್ಲಿ ಸಬ್ಬತ್‌ನ ಹಳೆಯ ನಾಲ್ವರೂ ಒಟ್ಟಿಗೆ ಕೊನೆಯ ಸಲ ನುಡಿಸಿದರು. ನಿಲ್ಲಲು ಆಗದ ಆಜ಼ಿ ಸಿಂಹಾಸನದಲ್ಲಿ ಕೂತು ಹಾಡಿದರು. ಜುಲೈ 22ಕ್ಕೆ ತೀರಿಕೊಂಡರು. ಅವರನ್ನು ಎದುರು ನೋಡಿದವರು ನಮ್ಮಲ್ಲಿ ಒಬ್ಬರೂ ಇಲ್ಲ. ಹಾಗಿದ್ದರೂ ಆ ರಾತ್ರಿ ಮನೆಯ ಹಿರಿಯರನ್ನು ಕಳೆದುಕೊಂಡ ಹಾಗೆ ಕೂತಿದ್ದೆವು, ಬೆಳಗಿನ ತನಕ.

ಕೊನೆಯದಾಗಿ ಸಣ್ಣ ಬ್ಯಾಂಡ್‌ಗಳ ವಿಷಯ. ಇದು ನನಗೆ ಎಲ್ಲಕ್ಕಿಂತ ಮುಖ್ಯ. ದೊಡ್ಡ ಹೆಸರಿನವರಿಗೆ ನಾವು ಇಲ್ಲದಿದ್ದರೂ ನಡೆಯುತ್ತದೆ, ಮೊದಲ ಸರದಿಯಲ್ಲಿ ನುಡಿಸುವ ಹುಡುಗರಿಗೆ ನಡೆಯುವುದಿಲ್ಲ. ಹಾಗಾಗಿ ಬಾಗಿಲು ತೆರೆದಾಗಲೇ ಒಳಗೆ ಹೋಗುತ್ತೇವೆ, ಮುಂದಿನ ಸಾಲಲ್ಲಿ ನಿಲ್ಲುತ್ತೇವೆ. ಇಷ್ಟವಾದರೆ ಅವರ ಟೇಬಲ್‌ನಲ್ಲೇ ಟೀ ಶರ್ಟ್ ಕೊಳ್ಳುತ್ತೇವೆ. ಸಂಗೀತ ಮಾರುವ ವೆಬ್‌ಸೈಟ್ ಬ್ಯಾಂಡ್‌ಕ್ಯಾಂಪ್‌ನಲ್ಲಿ ಆಲ್ಬಮ್ ಇದ್ದರೆ ದುಡ್ಡು ಕೊಟ್ಟು ಇಳಿಸಿಕೊಳ್ಳುತ್ತೇವೆ. ಡೆಮೊ ಕಳಿಸಿ ಅಭಿಪ್ರಾಯ ಕೇಳಿದರೆ ಪೂರ್ತಿ ಕೇಳಿ, ಹಿಡಿಸಿದ್ದನ್ನೂ ಹಿಡಿಸದ್ದನ್ನೂ ನಿಮಿಷದ ಲೆಕ್ಕದಲ್ಲಿ ಬರೆದು ಕಳಿಸುತ್ತೇವೆ. ಶೋ ಮುಗಿದ ಮೇಲೆ ಸಾಮಾನು ಹೊರಲು ನಿಲ್ಲುತ್ತೇವೆ. ಬೇಸ್ ಕ್ಯಾಬಿನೆಟ್ (ಬೇಸ್ ಗಿಟಾರಿನ ಸ್ಪೀಕರ್ ಪೆಟ್ಟಿಗೆ) ಎತ್ತಲು ಇಬ್ಬರು ಬೇಕು, ಮೆಟ್ಟಿಲು ಇದ್ದರೆ ಮೂವರು. ನೀವು ಒಬ್ಬರೇ ಶೋಗೆ ಬಂದಿದ್ದು ಯಾರ ಪರಿಚಯವೂ ಇಲ್ಲದಿದ್ದರೆ ಆ ಹೊತ್ತಿಗೆ ವೇದಿಕೆ ಪಕ್ಕ ಬಂದು ಒಂದು ತುದಿ ಹಿಡಿಯಿರಿ.