ವರ್ಡ್‌ಪ್ರೆಸ್ ಪ್ಲಗಿನ್‌ಗೆ ಆಟೊಮೇಟೆಡ್ ಟೆಸ್ಟ್: ಅಳವಡಿಸುವುದು, ಓಡಿಸುವುದು

ಎಲ್ಲಕ್ಕಿಂತ ಮೊದಲು, ಟೆಸ್ಟ್‌ಗೆಂದೇ ಪ್ರತ್ಯೇಕ ಡೇಟಾಬೇಸ್ ಮೀಸಲಿಡಿ. ಟೆಸ್ಟ್ ಪರಿಸರವನ್ನು ಸಜ್ಜುಗೊಳಿಸುವ ಅಳವಡಿಕೆಯ ಸ್ಕ್ರಿಪ್ಟ್ (ಇದು ಸಿಗುವ ಬಗೆ ಮುಂದಿದೆ) ಅದೇ ಹೆಸರಿನ ಡೇಟಾಬೇಸ್ ಕಂಡರೆ ‘ಅಳಿಸಿ ಹೊಸದಾಗಿ ಮಾಡಲೇ?’ ಎಂದು ಕೇಳುತ್ತದೆ. ಅವಸರದಲ್ಲಿ ಹೌದು ಎಂದರೆ ಅದರಲ್ಲಿದ್ದದ್ದೆಲ್ಲ ಹೋಗುತ್ತದೆ. ನಡೆಯುತ್ತಿರುವ ತಾಣದ ಡೇಟಾಬೇಸಿನ ಹೆಸರನ್ನು ಇಲ್ಲಿ ಎಂದಿಗೂ ಕೊಡಬೇಡಿ.

ಬೇಕಾದದ್ದು ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಅಥವಾ ಮರಿಯಾಡಿಬಿ, ಕಂಪೋಸರ್ (ಪಿಎಚ್‌ಪಿ ಲೈಬ್ರರಿಗಳನ್ನು ತರುವ ಸಾಧನ) ಮತ್ತು ಡಬ್ಲ್ಯೂಪಿ-ಸಿಎಲ್‌ಐ (ವರ್ಡ್‌ಪ್ರೆಸ್‌ನ ಕಮಾಂಡ್ ಲೈನ್ ಸಾಧನ). ಸ್ಕ್ರಿಪ್ಟಿನ ಹಳೆಯ ಆವೃತ್ತಿಗಳಿಗೆ ಸಬ್‌ವರ್ಷನ್ (ಕೋಡ್‌ನ ಆವೃತ್ತಿಗಳನ್ನು ನಿರ್ವಹಿಸುವ ಸಾಧನ) ಕೂಡ ಬೇಕು. ಡಬ್ಲ್ಯೂಪಿ-ಸಿಎಲ್‌ಐನ ‘ಸ್ಕ್ಯಾಫೋಲ್ಡ್ ಪ್ಲಗಿನ್-ಟೆಸ್ಟ್ಸ್’ ಆದೇಶಕ್ಕೆ ಪ್ಲಗಿನ್ ಹೆಸರು ಕೊಟ್ಟರೆ ಪಿಎಚ್‌ಪಿಯುನಿಟ್ (ಟೆಸ್ಟ್‌ಗಳನ್ನು ಓಡಿಸುವ ಸಾಧನ) ಸಂರಚನೆ, ಟೆಸ್ಟ್‌ಗಳಿಗೂ ಮೊದಲು ಓಡುವ ಬೂಟ್‌ಸ್ಟ್ರ್ಯಾಪ್ ಫೈಲ್, ಒಂದು ಮಾದರಿ ಟೆಸ್ಟ್ ಮತ್ತು ಬಿನ್ ಫೋಲ್ಡರಿನಲ್ಲಿ ಅಳವಡಿಕೆಯ ಸ್ಕ್ರಿಪ್ಟ್ ಸಿಗುತ್ತವೆ. ಸ್ಕ್ರಿಪ್ಟ್‌ಗೆ ಡೇಟಾಬೇಸ್ ಹೆಸರು, ಬಳಕೆದಾರ, ಪಾಸ್‌ವರ್ಡ್, ಹೋಸ್ಟ್, ವರ್ಡ್‌ಪ್ರೆಸ್ ಆವೃತ್ತಿ, ಇದೇ ಕ್ರಮದಲ್ಲಿ ಕೊಡಿ. ಅದು ವರ್ಡ್‌ಪ್ರೆಸ್ ಮತ್ತು ಅದರ ಟೆಸ್ಟ್ ಲೈಬ್ರರಿಯನ್ನು ಟೆಂಪ್ ಫೋಲ್ಡರಿಗೆ ಇಳಿಸುವುದರಿಂದ ಕಂಪ್ಯೂಟರ್ ಮತ್ತೆ ಶುರುವಾದಾಗ ಅಳಿದುಹೋಗಬಹುದು. ನಿನ್ನೆ ಓಡಿದ ಟೆಸ್ಟ್ ಇಂದು ಲೈಬ್ರರಿ ಸಿಗಲಿಲ್ಲ ಎಂದರೆ ಮೊದಲು ಇದನ್ನೇ ನೋಡಿ.

ವರ್ಡ್‌ಪ್ರೆಸ್ 5.9ರಿಂದ ಯೋಸ್ಟ್ ಪಿಎಚ್‌ಪಿಯುನಿಟ್ ಪಾಲಿಫಿಲ್ಸ್ (ಪಿಎಚ್‌ಪಿಯುನಿಟ್‌ನ ಬೇರೆ ಬೇರೆ ಆವೃತ್ತಿಗಳಲ್ಲಿ ಟೆಸ್ಟ್ ಓಡುವಂತೆ ಮಾಡುವ ಲೈಬ್ರರಿ) ಕಡ್ಡಾಯ. ಅದನ್ನೂ ಪಿಎಚ್‌ಪಿಯುನಿಟ್ 9 ಅನ್ನೂ ಕಂಪೋಸರ್‌ನಲ್ಲಿ ಡೆವ್ ಅವಲಂಬನೆಯಾಗಿ ಸೇರಿಸಿ, ವೆಂಡರ್ ಫೋಲ್ಡರಿನೊಳಗಿನ ಪಿಎಚ್‌ಪಿಯುನಿಟ್ ಅನ್ನೇ ಓಡಿಸಿ. ವ್ಯವಸ್ಥೆಯಲ್ಲಿ ಬೇರೆಡೆ ಇರುವುದನ್ನು ಓಡಿಸಿದರೆ ಪಾಲಿಫಿಲ್ಸ್ ಇಲ್ಲ ಎಂಬ ದೂರು ಬರುತ್ತದೆ. ಮೊದಲ ಸಲ ‘ಯಾವ ಟೆಸ್ಟೂ ನಡೆಯಲಿಲ್ಲ’ ಎಂದು ಬಂದರೆ ಗಾಬರಿ ಬೇಡ: ಸಂರಚನೆಯು ಮಾದರಿ ಟೆಸ್ಟನ್ನು ಹೊರಗಿಡುತ್ತದೆ. ‘ಟೆಸ್ಟ್-’ ಎಂದು ಶುರುವಾಗುವ ಹೆಸರಿನ ನಿಮ್ಮದೇ ಫೈಲ್ ಬರೆಯಿರಿ.

ಇನ್ನು ಟೆಸ್ಟ್ ಕೆಂಪಾಗುವ, ಅಂದರೆ ಸೋಲುವ ವಿಷಯ. ಶುರುವಿನಲ್ಲಿ ಬಹುಪಾಲು ಸೋಲಿಗೆ ಕಾರಣ ನಿಮ್ಮ ಕೋಡ್ ಅಲ್ಲ, ಟೆಸ್ಟ್ ಪರಿಸರ ನಿಜವಾದ ತಾಣದಂತಿಲ್ಲ ಎಂಬುದು. ಬೂಟ್‌ಸ್ಟ್ರ್ಯಾಪ್ ನಿಮ್ಮ ಪ್ಲಗಿನ್ ಫೈಲನ್ನು ಲೋಡ್ ಮಾಡುತ್ತದೆಯೇ ಹೊರತು ಪ್ಲಗಿನ್ ಅನ್ನು ಆಕ್ಟಿವೇಟ್ ಮಾಡುವುದಿಲ್ಲ. ಆಕ್ಟಿವೇಶನ್ ಹುಕ್‌ನಲ್ಲಿ (ಆಕ್ಟಿವೇಟ್ ಮಾಡಿದಾಗ ಮಾತ್ರ ಓಡುವ ಕೋಡ್‌ನಲ್ಲಿ) ಟೇಬಲ್ ಸೃಷ್ಟಿಸುವ ಪ್ಲಗಿನ್‌ಗಳು ಇಲ್ಲೇ ಮುಗ್ಗರಿಸುತ್ತವೆ. ಪ್ಲಗಿನ್ ಲೋಡ್ ಆದ ಮೇಲೆ ಟೇಬಲ್ ಮಾಡುವ ಫಂಕ್ಷನ್ನನ್ನು ನೀವೇ ಕರೆಯಬೇಕು. ಹಾಗೆಂದು ಅದನ್ನು ಟೆಸ್ಟ್‌ನ ಒಳಗೆ ಕರೆದರೆ ಇನ್ನೊಂದು ತೊಡಕು: ಪ್ರತಿ ಟೆಸ್ಟ್ ಒಂದು ಟ್ರಾನ್ಸಾಕ್ಷನ್ನಿನಲ್ಲಿ ನಡೆದು ಕೊನೆಗೆ ರೋಲ್‌ಬ್ಯಾಕ್ ಆಗುತ್ತದೆ (ಡೇಟಾಬೇಸಿನಲ್ಲಿ ಮಾಡಿದ ಬದಲಾವಣೆ ರದ್ದಾಗುತ್ತದೆ), ಅಲ್ಲಿ ಸೃಷ್ಟಿಸಿದ ಟೇಬಲ್‌ಗಳು ತಾತ್ಕಾಲಿಕ ಟೇಬಲ್‌ಗಳಾಗಿಬಿಡುತ್ತವೆ. ಮೈಎಸ್‌ಕ್ಯೂಎಲ್‌ನಲ್ಲಿ ತಾತ್ಕಾಲಿಕ ಟೇಬಲ್ ‘ಶೋ ಟೇಬಲ್ಸ್’ ಪಟ್ಟಿಯಲ್ಲಿ ಕಾಣಿಸದು. ಆದ್ದರಿಂದ ‘ಟೇಬಲ್ ಇದೆಯೇ’ ಎಂದು ಆ ಪಟ್ಟಿ ನೋಡಿ ತೀರ್ಮಾನಿಸಬೇಡಿ. ಒಂದು ಸಾಲು ಸೇರಿಸಿ, ಮರಳಿ ಓದಿ.

ಪ್ರತಿ ಟೆಸ್ಟ್‌ಗೂ ಮೊದಲು ಓಡುವ ‘ಸೆಟ್_ಅಪ್’ ಫಂಕ್ಷನ್ ಬರೆದರೆ ಅದರ ಮೊದಲ ಸಾಲು ಪೇರೆಂಟ್‌ನ ‘ಸೆಟ್_ಅಪ್’ ಅನ್ನು ಕರೆಯುವುದೇ ಆಗಿರಲಿ. ಇದನ್ನು ಬಿಟ್ಟರೆ ಟ್ರಾನ್ಸಾಕ್ಷನ್ ಶುರುವಾಗದೆ, ಒಂದು ಟೆಸ್ಟಿನ ಬರಹಗಳು ಮುಂದಿನದರಲ್ಲಿ ಉಳಿದು, ಒಂಟಿಯಾಗಿ ಓಡಿಸಿದಾಗ ಪಾಸಾಗುವ ಟೆಸ್ಟ್ ಗುಂಪಿನಲ್ಲಿ ಫೇಲಾಗುತ್ತದೆ. ಹೊರಗಿನ ಸರ್ವರ್‌ಗೆ ಹೋಗುವ ಕರೆಗಳನ್ನು ‘ಪ್ರಿ_ಎಚ್‌ಟಿಟಿಪಿ_ರಿಕ್ವೆಸ್ಟ್’ ಫಿಲ್ಟರಿನಲ್ಲಿ ತಡೆದು ಸಿದ್ಧ ಉತ್ತರ ಕೊಡಿ.

ಟೆಸ್ಟ್‌ಗೆ ಬೇಕಾದ ಬರಹಗಳನ್ನು ಫ್ಯಾಕ್ಟರಿಯಿಂದ (ಟೆಸ್ಟ್ ಲೈಬ್ರರಿಯಲ್ಲಿ ಮಾದರಿ ದತ್ತಾಂಶ ಮಾಡಿಕೊಡುವ ಸೌಲಭ್ಯ) ಸೃಷ್ಟಿಸಿ, ಆದರೆ ಶೀರ್ಷಿಕೆಗಳು ಕನ್ನಡದಲ್ಲೇ ಇರಲಿ. ಕನ್ನಡ ತಾಣಗಳಿಗಾಗಿ ಬರೆಯುವವರು ಇದನ್ನು ಬಿಡಲೇಬಾರದು. ಸ್ಲಗ್‌ಗೆ (ಶೀರ್ಷಿಕೆಯಿಂದ ಆಗುವ, ವಿಳಾಸದಲ್ಲಿ ಬರುವ ಹೆಸರು) ಇರುವ ಜಾಗ 200 ಅಕ್ಷರ. ಕನ್ನಡದ ಒಂದೊಂದು ಯುನಿಕೋಡ್ ಸಂಕೇತವೂ ಯುಟಿಎಫ್-8ರಲ್ಲಿ 3 ಬೈಟ್, ಶೇಕಡಾ ಚಿಹ್ನೆಯ ರೂಪಕ್ಕೆ ತಿರುಗಿದಾಗ 9 ಅಕ್ಷರ. ಹಾಗಾಗಿ ಹೆಚ್ಚೆಂದರೆ 22 ಸಂಕೇತಗಳಿಗೆ ಸ್ಲಗ್ ಕತ್ತರಿಸಿಹೋಗುತ್ತದೆ. ‘ಕ್ಷಾ’ ಒಂದಕ್ಕೇ ನಾಲ್ಕು ಸಂಕೇತ ಖರ್ಚು. ‘ವಿಶ್ವವಿದ್ಯಾಲಯದ ಪರೀಕ್ಷಾ ವೇಳಾಪಟ್ಟಿ’, ‘ವಿಶ್ವವಿದ್ಯಾಲಯದ ಪರೀಕ್ಷಾ ವೆಚ್ಚ’ ಎರಡೂ ‘ವ’ಕಾರದ ಬಳಿಯೇ ತುಂಡಾಗಿ ಒಂದೇ ಸ್ಲಗ್ ಆಗುತ್ತವೆ, ಎರಡನೆಯದರ ಕೊನೆಗೆ ‘-2’ ಸೇರಿಕೊಳ್ಳುತ್ತದೆ. ಶೀರ್ಷಿಕೆಯಿಂದ ಸ್ಲಗ್ ಕಟ್ಟಿ ಬರಹ ಹುಡುಕುವ ಪ್ಲಗಿನ್ ಇಲ್ಲಿ ತಪ್ಪು ಪುಟ ಕೊಡುತ್ತದೆ. ಇಂಗ್ಲಿಷ್ ಶೀರ್ಷಿಕೆಗಳಿಂದ ಎಷ್ಟು ಟೆಸ್ಟ್ ಮಾಡಿದರೂ ಈ ದೋಷ ಸಾಮಾನ್ಯವಾಗಿ ಹೊರಬೀಳದು. ಇವೆರಡೇ ಶೀರ್ಷಿಕೆಗಳನ್ನು ಟೆಸ್ಟಿನಲ್ಲಿಟ್ಟು, ಹುಡುಕಿದಾಗ ಸಿಗುವ ಐಡಿ ಸರಿಯಾದ್ದೇ ಎಂದು ಅಸರ್ಟ್ ಮಾಡಿ.

ಒಂದೇ ಟೆಸ್ಟ್ ಓಡಿಸಲು ‘ಫಿಲ್ಟರ್’ ಆಯ್ಕೆ ಸಾಕು. ಕಮಿಟ್ ಆದಾಗಲೆಲ್ಲ ತಾನಾಗಿ ಓಡಬೇಕೆಂದರೆ ಗಿಟ್‌ಹಬ್ ಆ್ಯಕ್ಷನ್ಸ್‌ನಂಥ ಸೇವೆ ಬಳಸಿ. ಅಲ್ಲಿ ಡೇಟಾಬೇಸ್ ಪ್ರತ್ಯೇಕ ಕಂಟೇನರಿನಲ್ಲಿದ್ದರೆ ಹೋಸ್ಟ್ ಜಾಗದಲ್ಲಿ ‘ಲೋಕಲ್‌ಹೋಸ್ಟ್’ ಬದಲು 127.0.0.1 ಬರೆಯಿರಿ, ಲೋಕಲ್‌ಹೋಸ್ಟ್ ಎಂದರೆ ಪಿಎಚ್‌ಪಿ ಸಾಕೆಟ್ ಫೈಲನ್ನು ಹುಡುಕಿ ಸೋಲುತ್ತದೆ. ಆವೃತ್ತಿಯ ಜಾಗದಲ್ಲಿ ‘ಲೇಟೆಸ್ಟ್’ ಜೊತೆಗೆ ‘ನೈಟ್ಲಿ’ಯ (ಇನ್ನೂ ಅಭಿವೃದ್ಧಿಯಲ್ಲಿರುವ ಆವೃತ್ತಿಯ) ಇನ್ನೊಂದು ಓಟವನ್ನೂ ಇಡಿ. ಅದು ಸೋತರೂ ಬಿಡುಗಡೆ ತಡೆಯದಂತೆ ಹೊಂದಿಸಿದರೆ, ಮುಂದಿನ ವರ್ಡ್‌ಪ್ರೆಸ್ ಬರುವ ಮುನ್ನವೇ ಏನು ಮುರಿಯಲಿದೆ ಎಂದು ತಿಳಿಯುತ್ತದೆ.