ಒಬ್ಬ ರೋಗಿಯ ಒಂದು ವರ್ಷಕ್ಕೆ 4,200 ರೂಪಾಯಿ: ನಾವು ಸಿಎಸ್‌ಆರ್ ಅನುದಾನ ಪಡೆದ ಬಗೆ

ಮಾನಸಿಕ ಆರೋಗ್ಯದ ಕೆಲಸಕ್ಕೆ ಯಾವ ಕಂಪನಿಯೂ ಹಣ ಕೊಡುವುದಿಲ್ಲ, ಶಾಲೆಯ ಕೊಠಡಿಗೋ ಆಂಬುಲೆನ್ಸಿಗೋ ಕೇಳಿದರೆ ಹೆಸರು ಬರೆಸಲು ಜಾಗವಾದರೂ ಇರುತ್ತದೆ ಎಂದು ಹಿರಿಯ ಸ್ನೇಹಿತರು ನಾಲ್ಕು ವರ್ಷ ಬುದ್ಧಿ ಹೇಳಿದರು. ಆದರೂ ಮಾನಸಿಕ ರೋಗಿಗಳ ಜೊತೆ ಕೆಲಸ ಮಾಡುವ ಸಂಡೂರು ತಾಲ್ಲೂಕಿನ ನಮ್ಮ ಪುಟ್ಟ ಟ್ರಸ್ಟಿಗೆ 2023ರ ಕೊನೆಯಲ್ಲಿ ಒಂದು ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ನಿಧಿಯಿಂದ ಸುಮಾರು 4.7 ಲಕ್ಷ ರೂಪಾಯಿ ಮಂಜೂರಾಯಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾರ್ಯಕರ್ತೆಯರ ಸಂಬಳಕ್ಕೇ ದೊರೆಯಿತೆಂದು ಹೆಮ್ಮೆಯಿಂದ ಹೇಳುತ್ತೇನೆ.

ಅದಕ್ಕೂ ಮೊದಲು ಹನ್ನೊಂದೋ ಹನ್ನೆರಡೋ ಅರ್ಜಿಗಳು ತಿರಸ್ಕೃತವಾಗಿದ್ದವು. ಮೊದಲನೆಯದನ್ನು ಬರೆಸಲು ಸಲಹೆಗಾರರೊಬ್ಬರಿಗೆ 35 ಸಾವಿರ ಕೊಟ್ಟೆವು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ ಎಂಬ ಇತಿಹಾಸಕ್ಕೇ ಅದರಲ್ಲಿ ಎರಡು ಪುಟ ಹೋಗಿತ್ತು. ‘ಜಾಗೃತಿ’ ಎಂಬ ಪದ ಪುಟಪುಟದಲ್ಲೂ ಇತ್ತು, ಯಾರಿಗೆ ಎಷ್ಟು ಖರ್ಚಾಗುತ್ತದೆ ಎಂಬುದು ಮಾತ್ರ ಇರಲಿಲ್ಲ. 2021ರ ಏಪ್ರಿಲ್‌ನಿಂದ, ಸಿಎಸ್‌ಆರ್ ಹಣ ಪಡೆಯುವ ಸಂಸ್ಥೆಗಳಿಗೆ ಸಿಎಸ್‌ಆರ್-1 ಎಂಬ ಸರ್ಕಾರಿ ನೋಂದಣಿ ಕಡ್ಡಾಯವಾದಾಗ, ಅದಕ್ಕೆ ಬೇಕಾದ ನಮ್ಮ 12ಎ ಮತ್ತು 80ಜಿ (ಆದಾಯ ತೆರಿಗೆ ವಿನಾಯಿತಿಯ) ಮರುನೋಂದಣಿ ಬಾಕಿಯಿತ್ತು, ಬಹುತೇಕ ಒಪ್ಪಿದ್ದ ಕಂಪನಿಯೊಂದು ಆ ಕಾರಣಕ್ಕೇ ಕಡತ ಮುಚ್ಚಿತು. ಆ ಮೂರು ಲಕ್ಷ ಕೈತಪ್ಪಿದ ನೋವು ಈಗಲೂ ಹೋಗಿಲ್ಲ. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿಗೆ ಮೂರು ವರ್ಷಗಳಲ್ಲಿ 15 ಲಕ್ಷದ ಖರ್ಚು ತೋರಿಸಬೇಕಾದ್ದರಿಂದ ಆ ಕಡೆ ನಾವು ತಲೆಹಾಕಲಿಲ್ಲ.

ದಾರಿ ಸಿಕ್ಕಿದ್ದು ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮಾನಸಿಕ ರೋಗಿಗಳ ಮನೋಚೈತನ್ಯ ಕ್ಲಿನಿಕ್ಕಿಗೆ ಬರಬೇಕಾದವರ ಹೆಸರಿನ ಮುಂದೆ ‘ಬಂದಿಲ್ಲ, ಏಕೆ?’ ಎಂಬ ಅಂಕಣ ಹಾಕಿದ್ದೆವು. 112 ಮಂದಿಯಲ್ಲಿ ನಲವತ್ತರಷ್ಟು ಜನ ಮಾತ್ರೆ ಬಿಟ್ಟಿದ್ದರು. ತಾಂಡಾದ ಒಬ್ಬ ಹುಡುಗನ ಹೆಸರಿನ ಮುಂದೆ ನಮ್ಮ ಕಾರ್ಯಕರ್ತೆ ಪೆನ್ಸಿಲ್ಲಿನಲ್ಲಿ ಬರೆದಿದ್ದಳು: ‘ಶಕ್ತಿ ಯೋಜನೆಯಿಂದ ತಾಯಿಗೆ ಬಸ್ಸು ಉಚಿತ, ಮಗನಿಗೆ ಚಾರ್ಜು ಬೇಕು, ಇಬ್ಬರ ಕೂಲಿಯೂ ಹೋಗುತ್ತದೆ.’

ಆ ಅಂಕಣವನ್ನೇ ಬಜೆಟ್ ಮಾಡಿದೆವು. ಒಬ್ಬ ರೋಗಿಗೆ ವರ್ಷಕ್ಕೆ ಮನೆಭೇಟಿಯ ಸಂಬಳ ಸುಮಾರು 2,600, ಬಸ್ ಚಾರ್ಜು 700, ಆಸ್ಪತ್ರೆಯಲ್ಲಿ ಮಾತ್ರೆ ಮುಗಿದಾಗ ಹೊರಗೆ ಕೊಳ್ಳಲು 500, ಲೆಕ್ಕಪರಿಶೋಧನೆ ಮತ್ತು ದಾಖಲೆಗೆ 400. ‘ಸಿಬ್ಬಂದಿ ವೆಚ್ಚ’ ಎಂದು ಪ್ರತ್ಯೇಕ ಸಾಲು ಬರೆದಾಗಲೆಲ್ಲ ಹೊಡೆದುಹಾಕುತ್ತಿದ್ದ ಕಂಪನಿಯವರು, ಭೇಟಿಯ ಲೆಕ್ಕದಲ್ಲಿ ಅದೇ ಸಂಬಳವನ್ನು ಬಿಡಿಸಿ ತೋರಿಸಿದಾಗ ಎದುರಾಡಲಿಲ್ಲ. ಕಾರ್ಖಾನೆಯ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು ಕಂಪನಿ ಕಾಯಿದೆಯ 135ನೇ ಸೆಕ್ಷನ್ನೇ ಹೇಳುವುದರಿಂದ ನಕ್ಷೆಯಲ್ಲಿ ರೋಗಿಗಳಿರುವ ಊರುಗಳನ್ನಷ್ಟೇ ಗುರುತಿಸಿ, ಯಾರ ಹೆಸರೂ ಹೊರಬೀಳದಂತೆ, ಲಗತ್ತಿಸಿದೆವು. ಪತ್ರದ ಮೊದಲ ವಾಕ್ಯವನ್ನೂ ಯಾವ ತಿಂಗಳಲ್ಲಿ ಕೊಟ್ಟೆವೆಂಬುದನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅವನ್ನು ಇನ್ನೂ ಎರಡು ಕಡೆ ಪರೀಕ್ಷಿಸಬೇಕಿದೆ.

ಈ ನಡುವೆ ಚೇತರಿಸಿಕೊಂಡ ಆರು ಮಂದಿಯಿಂದ ಫಿನಾಯಿಲ್ ಮಾಡಿಸಿ ಟ್ರಸ್ಟಿಗೆ ಸ್ವಂತ ಆದಾಯ ತರಲು ಹೋಗಿ 18 ಸಾವಿರದಷ್ಟು ಕಳೆದುಕೊಂಡೆವು, ಅಂಗಡಿಯವರು ಉದ್ರಿ ಬಿಟ್ಟು ಮಾತಾಡಲಿಲ್ಲ. ಆದರೆ ಆ ಆರು ಮಂದಿ ಮಾತ್ರೆ ತಪ್ಪಿಸಲಿಲ್ಲ, ಹಾಗಾಗಿ ಫಿನಾಯಿಲ್ ಬದಲು ಬಟ್ಟೆಚೀಲ ಹೊಲಿಯುವ ಕೆಲಸವನ್ನು ಸಣ್ಣದಾಗಿ ನಡೆಸುತ್ತಿದ್ದೇವೆ.

ವರ್ಷದ ಕೊನೆಗೆ ಮಾತ್ರೆ ಬಿಟ್ಟವರ ಸಂಖ್ಯೆ ಹನ್ನೆರಡು ಹದಿಮೂರಕ್ಕೆ ಇಳಿಯಿತು. ಎರಡನೆಯ ವರ್ಷಕ್ಕೆ ಸಂಬಳ ಏರಿಸಿ ತಲಾ 5,100ರ ಲೆಕ್ಕ ಕೊಟ್ಟಾಗ ಕಂಪನಿಯವರು ಪಕ್ಕದ ತಾಲ್ಲೂಕನ್ನೂ ಅದೇ ಹಣದಲ್ಲಿ ಸೇರಿಸಿಕೊಳ್ಳಿ ಎಂದರು. ಮೂರನೆಯ ಕಾರ್ಯಕರ್ತೆಯ ಸಂಬಳ ಬಾರದೆ ಒಂದು ಊರನ್ನೂ ಸೇರಿಸುವುದಿಲ್ಲ ಎಂದು ಲಿಖಿತವಾಗಿ ಉತ್ತರಿಸಿದ್ದೇನೆ.