ಹಿಮದ ಚಳಿ, ತೇವದ ಚಳಿ

ನನ್ನ ತಂದೆಯವರು ಸೈನ್ಯದಲ್ಲಿದ್ದುದರಿಂದ, ಕೊಡಗಿನ ಎಷ್ಟೋ ಮನೆಗಳ ಮಕ್ಕಳಂತೆ ನಾನೂ ಬಾಲ್ಯದ ಕೆಲವು ವರ್ಷಗಳನ್ನು ಉತ್ತರದ ಊರುಗಳಲ್ಲಿ ಕಳೆದೆ. ಆ ಪೈಕಿ ಮೂರು ಚಳಿಗಾಲ ಶಿಮ್ಲಾದಲ್ಲಿ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಎತ್ತರದಲ್ಲಿದ್ದರೆ ಶಿಮ್ಲಾ ಸುಮಾರು 2,200 ಮೀಟರ್ ಎತ್ತರದಲ್ಲಿದೆ. ರಾತ್ರಿ ಹಿಮ ಬಿದ್ದರೆ ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ನಮಗೆ ಗೊತ್ತಾಗುತ್ತಿತ್ತು, ಏಕೆಂದರೆ ಹೊರಗೆ ಯಾವ ಸದ್ದೂ ಇರುತ್ತಿರಲಿಲ್ಲ. ಅಷ್ಟು ಚಳಿಯನ್ನು ಕಂಡು ಊರಿಗೆ ಮರಳಿದ ನಾನು ಇಲ್ಲಿಯ ಚಳಿಯನ್ನು ಲೆಕ್ಕಕ್ಕೇ ಇಡಲಿಲ್ಲ. ಮೊದಲ ಆಟಿ ತಿಂಗಳಲ್ಲೇ, ಅಂದರೆ ಜುಲೈ-ಆಗಸ್ಟ್‌ನ ಜಡಿಮಳೆಯ ಕಾಲದಲ್ಲೇ, ಕೆಮ್ಮು ಹಿಡಿದು ಹದಿನೈದು ದಿನ ಮಲಗಿದೆ.

ಆ ಹದಿನೈದು ದಿನ ಕಲಿಸಿದ ಪಾಠವನ್ನೇ ನಾನು ಇಂದಿಗೂ ಸೊಸೆಯಂದಿರಿಗೆ ಹೇಳುವುದು. ಅಲ್ಲಿಯ ಹಿಮವನ್ನು ಕೋಟಿನಿಂದ ಕೊಡವಿದರೆ ಉದುರಿ ಹೋಗುತ್ತದೆ. ಇಲ್ಲಿಯ ತೇವ ಹಾಸಿಗೆಗೆ, ಸ್ವೆಟರಿಗೆ, ಗೋಡೆಗೆ ಇಳಿದು ಕೂರುತ್ತದೆ. ತೇವಗೊಂಡ ಬಟ್ಟೆ ಎಷ್ಟೇ ದಪ್ಪವಾಗಿದ್ದರೂ ಆರುವಾಗ ಮೈಯ ಶಾಖವನ್ನೇ ಹೀರಿಕೊಳ್ಳುವುದರಿಂದ, ಕೊಡಗಿನಲ್ಲಿ ಇನ್ನೊಂದು ಕಂಬಳಿ ಕೊಳ್ಳುವುದಕ್ಕಿಂತ ಇರುವ ಕಂಬಳಿಯನ್ನು ಒಣಗಿಸಿಕೊಳ್ಳುವುದು ಮೇಲು. ಮಳೆಗಾಲದಲ್ಲಿ ಬಿಸಿಲು ಇಣುಕಿದ ದಿನ ಬೇರೆ ಕೆಲಸ ಬಿಟ್ಟಾದರೂ ಹಾಸಿಗೆ, ದಿಂಬುಗಳನ್ನು ಹೊರಗೆ ಹಾಕಬೇಕು. ಡಿಸೆಂಬರ್, ಜನವರಿಗಳಲ್ಲಿ ಬೆಳಗಿನ ಇಬ್ಬನಿ ಪೂರ್ತಿ ಆರಿದ ಮೇಲೆ, ಹೆಚ್ಚುಕಡಿಮೆ ಕಣದಲ್ಲಿ ಕಾಫಿ ಹರವುವ ಹೊತ್ತಿಗೆ ಹಾಕಿ, ನಾಲ್ಕು ಗಂಟೆಯೊಳಗೆ ಒಳಗೆ ತರಬೇಕು. ಸಂಜೆ ಮರೆತು ಬಿಟ್ಟ ಕಂಬಳಿ ದಿನವಿಡೀ ಕುಡಿದ ಬಿಸಿಲನ್ನು ಅರ್ಧ ಗಂಟೆಯಲ್ಲಿ ಕಳೆದುಕೊಳ್ಳುತ್ತದೆ. ಬಿಸಿಲಿನಿಂದ ತಂದ ಉಣ್ಣೆಯನ್ನು ಕೂಡಲೇ ಪೆಟ್ಟಿಗೆಗೆ ತುಂಬದೆ, ಬಿಸಿಯಾರಿದ ಮೇಲೆ ಮಡಚಿಡಬೇಕು.

ಶಿಮ್ಲಾದಿಂದ ತಂದ ಬುದ್ಧಿಯೂ ವ್ಯರ್ಥವಾಗಿಲ್ಲ. ಅಲ್ಲಿ ಅವ್ವ ನಮಗೆ ಒಂದೇ ದಪ್ಪ ಸ್ವೆಟರ್ ಹಾಕುತ್ತಿರಲಿಲ್ಲ. ಒಳಗೆ ಹತ್ತಿಯ ಬನಿಯನ್, ಅದರ ಮೇಲೆ ತೆಳು ಉಣ್ಣೆ, ಎಲ್ಲಕ್ಕಿಂತ ಮೇಲೆ ಗಾಳಿ ತಡೆಯುವ ಕೋಟು. ಪದರಗಳ ನಡುವೆ ನಿಂತ ಗಾಳಿಯೇ ಬೆಚ್ಚಗಿಡುತ್ತದೆ. ಹೀಗಾಗಿ ಬಿಗಿಯಾದ ಎರಡು ಕಾಲುಚೀಲಗಳಿಗಿಂತ ಸಡಿಲವಾದ ಒಂದು ವಾಸಿ. ರಾತ್ರಿ ನೀರು ಹೆಪ್ಪುಗಟ್ಟಿ ಹಿಗ್ಗಿ ಪೈಪು ಒಡೆಯದಿರಲೆಂದು ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡುತ್ತಿದ್ದರು. ಆ ವಿದ್ಯೆಗೆ ಮಡಿಕೇರಿಯಲ್ಲಿ ಕೆಲಸವಿಲ್ಲ ಬಿಡಿ.

ಒಂದು ವಿಷಯದಲ್ಲಿ ಮಾತ್ರ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಅಲ್ಲಿ ಒಂದು ರಾತ್ರಿ ಇದ್ದಿಲಿನ ಅಗ್ಗಿಷ್ಟಿಕೆಯನ್ನು ಒಳಗಿಟ್ಟುಕೊಂಡು ಕಿಟಕಿ, ಬಾಗಿಲು ಭದ್ರಪಡಿಸಿ ಮಲಗಿದ್ದೆವು. ನಡುರಾತ್ರಿ ಅವ್ವನಿಗೆ ತಲೆ ಸಿಡಿದು ಎಚ್ಚರವಾಯಿತು, ಎದ್ದು ನಿಲ್ಲಲು ಕಾಲು ಬರಲಿಲ್ಲ. ಅವರು ತೆವಳಿಕೊಂಡೇ ಹೋಗಿ ಬಾಗಿಲು ತೆರೆದದ್ದರಿಂದ ನಾವು ಉಳಿದೆವು. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಹೊಗೆಯಿಲ್ಲದ ಕೆಂಡವೆಂದು ಅದನ್ನು ನಂಬುವಂತಿಲ್ಲ. ನಮ್ಮಲ್ಲೂ ಬಾಣಂತಿಯ ಕೋಣೆಗೆ, ವಯಸ್ಸಾದವರ ಮಂಚದ ಬಳಿಗೆ ಕೆಂಡದ ಬಟ್ಟಲು ಇಡುವವರಿದ್ದಾರೆ. ಕೋಣೆ ಬೆಚ್ಚಗಾದ ಮೇಲೆ, ಮಲಗುವ ಮೊದಲೇ ಅದನ್ನು ಹೊರಗೆ ಸಾಗಿಸಬೇಕು. ಸ್ನಾನದ ಕೋಣೆಯೊಳಗೆ ಗ್ಯಾಸ್ ಗೀಸರ್ ಇಟ್ಟು ಕಿಂಡಿಗೆ ಪ್ಲಾಸ್ಟಿಕ್ ಬಡಿಯುವುದೂ ಅಷ್ಟೇ ಅಪಾಯ. ಕಾಫಿಯ ಒಣ ರೆಂಬೆಗಳಿಂದ ಉರಿಯುವ ನಮ್ಮ ಹಂಡೆ ಒಲೆಯ ಬಾಯಿ ಬಚ್ಚಲಿನ ಹೊರಗೋಡೆಯಲ್ಲಿರುವುದನ್ನು ಹಳಬರ ಕಟ್ಟುಪಾಡೆಂದು ನಗಬೇಡಿ, ಅದು ಲೆಕ್ಕ ಹಾಕಿಯೇ ಇಟ್ಟದ್ದು.

ಅಡುಗೆಮನೆಯ ಚಳಿಗೆ ತಾಳ್ಮೆಯೇ ಮದ್ದು. ಬೇಸಿಗೆಯಲ್ಲಿ ಒಂದು ರಾತ್ರಿಗೆ ಉಬ್ಬುವ ಇಡ್ಲಿ ಹಿಟ್ಟು ನವೆಂಬರ್-ಡಿಸೆಂಬರ್‌ನ ಹುತ್ತರಿ ಹಬ್ಬದ ಸುಮಾರಿಗೆ ಮಧ್ಯಾಹ್ನದವರೆಗೂ ಕದಲುವುದಿಲ್ಲವಾದ್ದರಿಂದ, ಒಂದು ಚಮಚ ಮೆಂತ್ಯ ಸೇರಿಸಿ ರುಬ್ಬಿ, ಪಾತ್ರೆಯನ್ನು ಆರಿದ ಒಲೆಯ ಪಕ್ಕ ಇಡುತ್ತೇನೆ. ಸೋಡಾ ಹಾಕುವ ಅವಸರ ನನಗೆ ಹಿಡಿಸದು. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ. ಬಾಟಲಿಯನ್ನು ಉರಿಗೆ ಹಿಡಿಯದೆ ಬಿಸಿನೀರಿನಲ್ಲಿ ನಿಲ್ಲಿಸಿ ಕರಗಿಸಿ. ಸ್ನಾನಕ್ಕೆ ಮೊದಲು ಅದನ್ನು ಕೈಕಾಲಿಗೆ ತಿಕ್ಕಿಕೊಂಡರೆ ಚರ್ಮ ಬಿರಿಯುವುದು ಕಡಿಮೆ, ಆದರೆ ಕುದಿಯುವಂಥ ನೀರನ್ನು ಸುರಿದುಕೊಂಡರೆ ಆ ಎಣ್ಣೆಯೂ ಉಳಿಯದು. ನನ್ನ ವಯಸ್ಸಿನವರು ಬೆಳಗಿನ ಜಾವ ಸ್ನಾನ ಮಾಡುವ ಹಟವನ್ನು ಬಿಡಬೇಕು. ಚಳಿಗೆ ರಕ್ತನಾಳಗಳು ಕುಗ್ಗಿ ರಕ್ತದೊತ್ತಡ ಏರುತ್ತದೆ. ಎದ್ದು ಮಂಚದ ಮೇಲೆಯೇ ಸ್ವಲ್ಪ ಹೊತ್ತು ಕುಳಿತು, ಚಪ್ಪಲಿ ಮೆಟ್ಟಿ, ಒಂದು ಲೋಟ ಬೆಲ್ಲದ ಕಾಫಿ ಕುಡಿದ ಮೇಲೆ ಹೊರಗೆ ಹೋದರೆ ಸಾಕು.

ಕೊನೆಗೆ, ಬೂಟಿನ ವಿಷಯ. ಹಿಮದಲ್ಲಿ ನೆನೆದ ನಮ್ಮ ಬೂಟುಗಳನ್ನು ಅವ್ವ ಬೆಂಕಿಯ ಹತ್ತಿರ ಇಡಲು ಬಿಡುತ್ತಿರಲಿಲ್ಲ, ಚರ್ಮ ಸೀಳುತ್ತದೆಂದು. ಹಳೆಯ ಪತ್ರಿಕೆಯ ಹಾಳೆಗಳನ್ನು ಮುದ್ದೆ ಮಾಡಿ ತುದಿಯವರೆಗೆ ತುರುಕುತ್ತಿದ್ದರು. ತೋಟದಿಂದ ಬಂದ ಗಮ್ ಬೂಟುಗಳಿಗೆ ನಾನು ಈಗಲೂ ಅದನ್ನೇ ಮಾಡುತ್ತೇನೆ. ಒಂದು ಗಂಟೆಯಲ್ಲಿ ಕಾಗದ ಹಸಿಯಾಗಿರುತ್ತದೆ. ಅದನ್ನು ತೆಗೆದು, ಮಲಗುವ ಮೊದಲು ಹೊಸ ಹಾಳೆ ತುಂಬಿದರೆ ಬೆಳಿಗ್ಗೆ ಒಳಗೆ ಒಣಗಿರುತ್ತದೆ. ಹೆಚ್ಚಿನವರು ಮರೆಯುವುದು ಆ ಎರಡನೆಯ ಹಾಳೆಯನ್ನೇ.